ಶಕ್ತಿ ಅಲ್ಲ ಕಣ್ರೀ, ವ್ಯವಸ್ಥೆ!

ಈ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಇವತ್ತು ಸಿಟ್ಟು ಬಂದಿದೆ, ಅದಕ್ಕೇ ಬರೀತಿದೀನಿ.

ಮೊನ್ನೆ ಅಪ್ಪನಿಗೆ ಡೆಂಗಿ. ಆರ್.ಟಿ. ನಗರದ ನಮ್ಮ ಮನೆಗೆ ನೋಡಲು ಬಂದವರೆಲ್ಲರ ಕೈಯಲ್ಲೂ ಒಂದೊಂದು ಕಷಾಯ, ಪುಡಿ, ಬಾಟಲಿ. ಎಲ್ಲರದೂ ಒಂದೇ ಮಾತು: "ರೋಗನಿರೋಧಕ ಶಕ್ತಿ ಕಮ್ಮಿ ಆಗಿದೆ, ಹೆಚ್ಚು ಮಾಡ್ಬೇಕು." ಐದನೇ ದಿನ ಜ್ವರ ಇಳಿಯಿತು. "ನೋಡಿದ್ಯಾ, ಶಕ್ತಿ ಬಂತು!" ಅಂದರು ಚಿಕ್ಕಪ್ಪ. ಅವತ್ತೇ ರಾತ್ರಿ ಅಪ್ಪನಿಗೆ ಹೊಟ್ಟೆನೋವು, ವಾಂತಿ, ಕೈಕಾಲೆಲ್ಲ ತಣ್ಣಗೆ. ಆಸ್ಪತ್ರೆಗೆ ಓಡಿದ್ವಿ. ಈಗ ಆರಾಮಾಗಿದ್ದಾರೆ, ಪುಣ್ಯ.

ಡೆಂಗಿಯಲ್ಲಿ ಎಷ್ಟೋ ಸಲ ನಿಜವಾದ ಅಪಾಯ ಶುರುವಾಗೋದೇ ಜ್ವರ ಇಳಿಯುವ ಹೊತ್ತಿಗೆ. ಆಗ ರಕ್ತನಾಳಗಳಿಂದ ದ್ರವ ಸೋರತೊಡಗುತ್ತದೆ. ಆ ಸೋರಿಕೆಯಲ್ಲಿ ವೈರಸ್ಸಿನ ಜೊತೆ ನಮ್ಮದೇ ದೇಹದ ಪ್ರತಿಕ್ರಿಯೆಯ ಕೈವಾಡವೂ ಇದೆ. ಇದಕ್ಕೆ ಇನ್ನೂ 'ಶಕ್ತಿ' ತುಂಬಬೇಕಾ?

ನನ್ನ ತಕರಾರು ಚಿಕ್ಕಪ್ಪನ ಮೇಲಲ್ಲ. ಆ ಪದದ ಮೇಲೆ, ಅದನ್ನು ಕಣ್ಮುಚ್ಚಿ ಬರೆಯುವ ನಮ್ಮ ನಿಮ್ಮಂಥವರ ಮೇಲೆ. 'ಶಕ್ತಿ' ಅಂದ ತಕ್ಷಣ ಅದು ಬೈಕಿನ ಪೆಟ್ರೋಲ್ ಥರ ಆಗಿಬಿಡುತ್ತೆ. ಕಮ್ಮಿ ಇದ್ರೆ ತುಂಬಿಸಿ, ಜಾಸ್ತಿ ಇದ್ದಷ್ಟೂ ಒಳ್ಳೇದು. ಅದರ ಜೊತೆಗೆ ಶಾಲೆಯಿಂದ ಕೇಳಿಕೊಂಡು ಬಂದ ಸೈನಿಕರ ಕಥೆ ಬೇರೆ: ಬಿಳಿ ರಕ್ತಕಣ ಅಂದ್ರೆ ಯೋಧ, ಹೊರಗಿನವನು ಬಂದ್ರೆ ಢಿಶುಂ!

ಹಾಗಾದ್ರೆ ಒಂದು ಪ್ರಶ್ನೆ. ನಾವು ತಿನ್ನುವ ಮುದ್ದೆ ಸಾರು ಹೊರಗಿನದೇ. ಕರುಳಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾ ಸಂಸಾರ ಹೂಡಿವೆ. ತಾಯಿಯ ಹೊಟ್ಟೆಯಲ್ಲಿರುವ ಮಗು ಅರ್ಧ ಅಪ್ಪನ ಕಡೆಯದು. ಯೋಧರು ಇವರ ಮೇಲೆಲ್ಲ ಯಾಕೆ ಬೀಳಲ್ಲ?

ಇಂಥ ಪ್ರಶ್ನೆಗಳನ್ನೇ ಹಿಡಿದು 1994ರಲ್ಲಿ ಪಾಲಿ ಮ್ಯಾಟ್ಜಿಂಗರ್ ಅನ್ನೋ ವಿಜ್ಞಾನಿ ಹೇಳಿದ್ದು: ಈ ವ್ಯವಸ್ಥೆ ಮುಖ್ಯವಾಗಿ ಕೇಳೋದು "ನೀನು ಯಾವೂರವನು?" ಅಂತಲ್ಲ, "ಇಲ್ಲಿ ಏನಾದ್ರೂ ಹಾಳಾಯ್ತಾ?" ಅಂತ.

ಯಶವಂತಪುರದ ಯಾವುದೋ ಓಣಿಯಲ್ಲಿ ಬೆಳಿಗ್ಗೆ ಹೋಗ್ತಾ ಇದೀರಿ. ಒಂದು ಮನೆ ಮುಂದೆ ಗ್ಯಾಸ್ ಸಿಲಿಂಡರ್, ಮಿಕ್ಸಿ, ದೇವರ ಪಟ ಎಲ್ಲ ರಸ್ತೆಯಲ್ಲಿ ಬಿದ್ದಿದೆ. ಏನೋ ಅನಾಹುತ ಆಗಿದೆ ಅಂತ ಗೊತ್ತಾಗೋಕೆ ಕಳ್ಳನ ಮುಖ ನೋಡಬೇಕಾ? ಒಳಗಿರಬೇಕಾದ್ದು ಹೊರಗಿದೆ, ಅಷ್ಟೇ ಸಾಕು. ಜೀವಕೋಶ ಒಡೆದಾಗಲೂ ಹೀಗೇ. ಒಳಗಿರಬೇಕಾದ ಎಟಿಪಿ, ಯೂರಿಕ್ ಆಮ್ಲ, ಡಿಎನ್‌ಎ ಜೊತೆಗಿರುವ ಹೆಚ್‌ಎಂಜಿಬಿ1 ಎಂಬ ಪ್ರೊಟೀನು, ಎಲ್ಲ ಹೊರಗೆ ಚೆಲ್ಲುತ್ತವೆ. ಕಾವಲು ಕೋಶಗಳ ಗ್ರಾಹಕಗಳು ಅದನ್ನು ಹಿಡಿದು ಬೊಬ್ಬೆ ಹಾಕುತ್ತವೆ. ಮೈಟೋಕಾಂಡ್ರಿಯಾದ್ದಂತೂ ಮಜಾ. ಅದು ಕೋಟ್ಯಂತರ ವರ್ಷಗಳ ಹಿಂದೆ ಬ್ಯಾಕ್ಟೀರಿಯಾ ಆಗಿತ್ತು. ಅಪಘಾತದಲ್ಲಿ ಅದರ ಚೂರುಗಳು ರಕ್ತಕ್ಕೆ ಬಿದ್ದರೆ ಸೋಂಕೇ ಇಲ್ಲದೆಯೂ ದೇಹ ಸೋಂಕು ಬಂದಂತೆ ಆಡಬಹುದು ಅಂತ 2010ರಲ್ಲಿ ತೋರಿಸಿದರು.

ಮ್ಯಾಟ್ಜಿಂಗರ್ ಹೇಳಿದ್ದೇ ವೇದವಾಕ್ಯ ಅಂತ ನಾನೇನೂ ಅನ್ನಲ್ಲ. ಚಾರ್ಲ್ಸ್ ಜೇನ್‌ವೇ 1989ರಲ್ಲೇ, ಸೂಕ್ಷ್ಮಜೀವಿಗಳ ಸಾಮಾನ್ಯ ಗುರುತುಗಳನ್ನು ಹಿಡಿಯುವ ಗ್ರಾಹಕಗಳಿರಬೇಕು ಅಂದಿದ್ದರು. ಅವು ಸಿಕ್ಕವು, ಆ ದಾರಿಯ ಕೆಲಸಕ್ಕೆ 2011ರಲ್ಲಿ ನೊಬೆಲ್ ಕೂಡ ಬಂತು. ಎರಡೂ ಬಗೆಯ ಸಂಕೇತಗಳು ದೇಹಕ್ಕೆ ಬೇಕು. ಆದರೆ ಎರಡರಲ್ಲೂ 'ಶಕ್ತಿ' ಎಲ್ಲಿದೆ ಹೇಳಿ? ಇರೋದು ಸೂಚನೆ, ತೀರ್ಮಾನ, ಮತ್ತೆ ಸುಮ್ಮನಾಗೋದು.

ಸುಮ್ಮನಾಗದಿದ್ರೆ? ಗೌಟ್ ಬಂದು ಹೆಬ್ಬೆರಳು ಊದಿಕೊಂಡವರನ್ನು ಕೇಳಿ. ಅಲ್ಲಿ ಯಾವ ಕ್ರಿಮಿಯೂ ಇಲ್ಲ, ಯೂರಿಕ್ ಆಮ್ಲದ ಹರಳಿಗೇ ಅಷ್ಟು ರಂಪ. 2020ರ ಕೋವಿಡ್‌ನಲ್ಲಿ ಊರೆಲ್ಲ 'ಇಮ್ಯೂನಿಟಿ ಬೂಸ್ಟರ್' ಕುಡೀತಿದ್ದಾಗ, ವೆಂಟಿಲೇಟರ್ ಮೇಲಿದ್ದ ರೋಗಿಗಳ ಸಾವನ್ನು ಸುಮಾರು ಮೂರನೇ ಒಂದು ಭಾಗ ತಗ್ಗಿಸಿದ್ದು ಡೆಕ್ಸಾಮೆಥಸೋನ್. ಅದು ಈ ವ್ಯವಸ್ಥೆಯನ್ನು ತಣ್ಣಗೆ ಮಾಡುವ ಔಷಧಿ ಸ್ವಾಮಿ!

ಪದದಲ್ಲೇನಿದೆ ಬಿಡಿ ಅಂತೀರಾ? ಮಂಗನ ಕಾಯಿಲೆಯ ಕಥೆ ಕೇಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ. ಅದರ ಲಸಿಕೆ ತಯಾರಾಗುತ್ತಿದ್ದದ್ದು ಇಲ್ಲೇ ನಮ್ಮ ಹೆಬ್ಬಾಳದಲ್ಲಿ, ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ. ಫಾರ್ಮಲಿನ್ ಹಾಕಿ ಕೊಂದ ವೈರಸ್. ಕೊಂದ ವೈರಸ್ ಬೆಳೆಯಲ್ಲ, ಕೋಶಗಳನ್ನು ಕೆಡಿಸಲ್ಲ. ಹಾಗಾಗಿ ಇಂಥ ಲಸಿಕೆಗಳಲ್ಲಿ ಸಾಮಾನ್ಯವಾಗಿ ಬೊಬ್ಬೆ ಕಮ್ಮಿ, ಪಾಠವನ್ನು ಮತ್ತೆ ಮತ್ತೆ ಹೇಳಬೇಕು. 2005ರಿಂದ 2010ರವರೆಗಿನ ಲೆಕ್ಕ 2013ರಲ್ಲಿ ಪ್ರಕಟವಾಯಿತು: ಒಂದೇ ಡೋಸಿನಿಂದ ಪ್ರಯೋಜನ ಕಾಣಲಿಲ್ಲ, ಎರಡಕ್ಕೆ ಸುಮಾರು 62%, ಬೂಸ್ಟರೂ ಸೇರಿದರೆ ಸುಮಾರು 83% ರಕ್ಷಣೆ. ಚುಚ್ಚಿದ ಕಡೆ ವಿಪರೀತ ನೋವು ಅಂತ ಎಷ್ಟೋ ಜನ ಮುಂದಿನ ಡೋಸಿಗೆ ಬರಲೇ ಇಲ್ಲ. 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದರು.

'ಶಕ್ತಿ' ತುಂಬೋ ಸೂಜಿ ಅಂತ ನಂಬಿದವನು ಒಂದು ಸಲ ತುಂಬಿಸಿಕೊಂಡು ಮನೆಗೆ ಹೋಗ್ತಾನೆ. ಪಾಠ ಕಲಿಯೋ ವ್ಯವಸ್ಥೆ ಅಂತ ಗೊತ್ತಿದ್ದವನಿಗೆ ಎರಡನೇ ಸಲ ಯಾಕೆ ಬರಬೇಕು ಅನ್ನೋದಾದ್ರೂ ಅರ್ಥ ಆಗುತ್ತೆ. ಪದದಿಂದಲೇ ಎಲ್ಲ ಸರಿಹೋಗಿಬಿಡ್ತಿತ್ತು ಅನ್ನಲ್ಲ. ಆದರೆ ತಪ್ಪು ಪದ ಸಹಾಯವನ್ನಂತೂ ಮಾಡಲಿಲ್ಲ.

ಹೊಟ್ಟೆ ತುಂಬ ಊಟ, ನಿದ್ದೆ, ಲಸಿಕೆ ಬೇಡ ಅಂದೋರ್ಯಾರು? ಪೌಷ್ಟಿಕಾಂಶದ ಕೊರತೆ ಇದ್ರೆ ಸರಿಮಾಡಲೇಬೇಕು. ಅದು ರಿಪೇರಿ, ಬೂಸ್ಟಿಂಗ್ ಅಲ್ಲ. ನಾನು ಕೆಲಸ ಮಾಡೋ ಕಡೆ ಸರ್ವರ್‌ಗೆ ಅಲಾರ್ಮ್ ಇಟ್ಟಿದ್ದೀವಿ. ಸಿಕ್ಕಿದ್ದಕ್ಕೆಲ್ಲ ಅದು ಹೊಡ್ಕೊಂಡ್ರೆ ಭದ್ರತೆ ಹೆಚ್ಚಲ್ಲ, ನಮ್ಮ ನಿದ್ದೆ ಹೋಗುತ್ತೆ ಅಷ್ಟೇ.

ಅದಕ್ಕೇ ಕನ್ನಡದಲ್ಲಿ ಬರೆಯೋ ಗೆಳೆಯರಲ್ಲಿ ಒಂದು ವಿನಂತಿ. ಇನ್ನು ಮುಂದೆ 'ರೋಗನಿರೋಧಕ ವ್ಯವಸ್ಥೆ' ಅಂತ ಬರೆಯೋಣ. ಕುಡಿಯುವ ಕಷಾಯ ಕುಡೀರಿ, ರುಚಿಯಾಗಿರುತ್ತೆ. ಆದ್ರೆ ಡೆಂಗಿ ಮನೆಯಲ್ಲಿ ಜ್ವರ ಇಳಿದ ದಿನ ಬಾಟಲಿ ಕೆಳಗಿಟ್ಟು ರೋಗಿಯ ಹೊಟ್ಟೆನೋವು, ವಾಂತಿ, ಸುಸ್ತು ಗಮನಿಸಿ.

ಸೈನಿಕರ ಕಥೆಯೇ ಚೆನ್ನಾಗಿತ್ತು ಅನ್ನೋರು ಜಗಳಕ್ಕೆ ಬನ್ನಿ. ಕಾಯ್ತಿರ್ತೀನಿ.