ಕಟ್ಟೋಕೆ ಕೂಲಿ, ಬಿಚ್ಚೋಕೂ ಕೂಲಿ

ಭಾನುವಾರ ರಾತ್ರಿ ಹತ್ತು ಗಂಟೆ. ಚಪ್ಪಾಳೆ ಮುಗಿದಿದೆ. ನಟರು ಮೇಕಪ್ ಒರೆಸಿಕೊಳ್ಳದೆ ಸೆಲ್ಫಿಗೆ ನಿಂತಿದ್ದಾರೆ. ಹನ್ನೊಂದಕ್ಕೆ ಸಭಾಂಗಣ ಖಾಲಿ ಮಾಡಿಕೊಡಬೇಕು. ನಮ್ಮ ಕೈಯಲ್ಲಿ ಸುತ್ತಿಗೆ. ಮೂರು ವಾರ ಕೂತು ಕಟ್ಟಿದ ವಠಾರದ ಮನೆ ನಲವತ್ತು ನಿಮಿಷದಲ್ಲಿ ಚೂರು ಚೂರು.

ವಾರವಿಡೀ ನಾನು ಸಾಫ್ಟ್‌ವೇರ್ ಟೆಸ್ಟರ್. ಶನಿವಾರ, ಭಾನುವಾರ ಬೆಂಗಳೂರಿನ ಒಂದು ಹವ್ಯಾಸಿ ತಂಡದಲ್ಲಿ ನೇಪಥ್ಯದ ಕೆಲಸ. ಆ ರಾತ್ರಿ 14 ಶೀಟ್ ಪ್ಲೈವುಡ್, ರೀಪರ್ ಪಟ್ಟಿ, ಥರ್ಮಾಕೋಲ್ ಕಂಬ ಎಲ್ಲವನ್ನೂ ಟೆಂಪೋಗೆ ತುಂಬಿ ಕಳಿಸಿದೆವು. ಎಲ್ಲಿಗೆ ಹೋಗುತ್ತೆ ಅಂತ ಯಾರೂ ಕೇಳಲಿಲ್ಲ. ಎಸೆಯೋದಕ್ಕೇ 3,000 ರೂಪಾಯಿ ಕೊಟ್ಟಿದ್ದೆವು ಅನ್ನೋದು ಮಾರನೇ ದಿನ ಲೆಕ್ಕ ಬರೆಯುವಾಗ ಹೊಳೆಯಿತು.

ನಮ್ಮ ಬಡಗಿ ಮೇಸ್ತ್ರಿ ಒಂದು ಬಾಗಿಲನ್ನು ಮಾತ್ರ ಟೆಂಪೋ ಹತ್ತಿಸೋಕೆ ಬಿಡಲಿಲ್ಲ. “ಇದನ್ನ ಎಸೀಬೇಡಮ್ಮ. ಮೊಳೆ ಹೊಡೆದಿಲ್ಲ, ಬೋಲ್ಟ್ ಹಾಕಿದೀನಿ. ಬಿಚ್ಚಿದ್ರೆ ನಾಲ್ಕು ತುಂಡು, ಜೋಡಿಸಿದ್ರೆ ಬಾಗಿಲು” ಅಂದರು.

ಆ ಮಾತು ಕೇಳಿದಾಗ ನನಗೆ ನೆನಪಾದದ್ದು ಮಂಡ್ಯ ಕಡೆಯ ನಮ್ಮೂರಿನ ಕುರುಕ್ಷೇತ್ರ ನಾಟಕ. ಪಾತ್ರ ಮಾಡೋರು ಊರಿನವರೇ. ಆದರೆ ಸೀನರಿಯನ್ನು ಯಾರೂ ಹೊಸದಾಗಿ ಮಾಡಿಸೋದಿಲ್ಲ, ಬಾಡಿಗೆಗೆ ತರ್ತಾರೆ. ಸಂಜೆ ಲಾರಿ ಬಂದರೆ ಕಂಬ, ಸಿಂಹಾಸನ, ಕಿರೀಟ, ದರ್ಬಾರ್ ಪರದೆ, ಕಾಡಿನ ಪರದೆ, ಬೀದಿ ಪರದೆ ಒಂದೊಂದಾಗಿ ಇಳಿಯುತ್ತವೆ. ಬೆಳಗಾದರೆ ಎಲ್ಲ ಸುತ್ತಿ ಮುಂದಿನ ಊರಿಗೆ. ಇವತ್ತು ದುರ್ಯೋಧನ ಕೂತ ಸಿಂಹಾಸನದಲ್ಲಿ ನಾಳೆ ಹರಿಶ್ಚಂದ್ರ ಕೂರ್ತಾನೆ.

1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಂಥ ವೃತ್ತಿ ನಾಟಕ ಕಂಪನಿಗಳು ಕ್ಯಾಂಪಿನಿಂದ ಕ್ಯಾಂಪಿಗೆ ಪರದೆಗಳನ್ನು ಹೊತ್ತುಕೊಂಡೇ ತಿರುಗಿದವು. ಹೆಗ್ಗೋಡಿನ ನೀನಾಸಂ ತಿರುಗಾಟ 1985ರಿಂದ ಇದೇ ರೀತಿ ಊರೂರು ಸುತ್ತುತ್ತಿದೆ. ಗಾಡಿಯಲ್ಲಿ ಹಿಡಿಸಬೇಕು, ನಾಳೆ ಮತ್ತೆ ನಿಲ್ಲಿಸಬೇಕು ಅಂದಾಗ ಕಟ್ಟೋ ರೀತಿಯೇ ಬದಲಾಗುತ್ತೆ. ಬ್ರಿಟನ್ನಿನ ರಂಗಭೂಮಿಯವರು ‘ಥಿಯೇಟರ್ ಗ್ರೀನ್ ಬುಕ್’ ಅಂತ ಒಂದು ಮಾರ್ಗಸೂಚಿ ಮಾಡಿಕೊಂಡಿದ್ದಾರೆ. ಅದರ ಮೂಲ (ಬೇಸಿಕ್) ಮಟ್ಟದಲ್ಲೇ ಸೆಟ್ಟಿನ ಸಾಮಗ್ರಿಯಲ್ಲಿ ಅರ್ಧದಷ್ಟು ಮರುಬಳಕೆಯದ್ದೋ ಮರುಸಂಸ್ಕರಿಸಿದ್ದೋ ಆಗಿರಬೇಕು. ನಮ್ಮೂರ ಸೀನರಿ ಲಾರಿ ಆ ಪರೀಕ್ಷೆಯನ್ನು ಯಾವತ್ತೋ ಪಾಸ್ ಮಾಡಿದೆ ಬಿಡಿ.

ನಾವೋ, ಒಂದೇ ಊರಲ್ಲಿ ಎರಡು ಪ್ರದರ್ಶನ ಕೊಟ್ಟು ಮುಗಿಸೋರು. ನಾಳೆಯ ಚಿಂತೆ ಇಲ್ಲ, ಅದಕ್ಕೇ ಕಂಡಲ್ಲೆಲ್ಲ ಮೊಳೆ ಹೊಡೀತೀವಿ.

ಮುಂದಿನ ನಾಟಕಕ್ಕೆ ಮೇಸ್ತ್ರಿಯನ್ನು ಮೊದಲ ಮೀಟಿಂಗಿಗೇ ಕರೆದೆವು. ಅವರು ಹೇಳಿದ್ದು ಇಷ್ಟು. ಪ್ಲೈವುಡ್ ಅಂಗಡಿಯಿಂದ ಬರೋದೇ 8 ಅಡಿಗೆ 4 ಅಡಿ. ಗೋಡೆಗಳನ್ನೂ ಅದೇ ಅಳತೆಯಲ್ಲಿ ಮಾಡಿ, ಸುಮ್ಮನೆ ಕತ್ತರಿಸಬೇಡಿ. ಎಲ್ಲ ಚೌಕಟ್ಟಿಗೂ ಒಂದೇ ಜಾಗದಲ್ಲಿ ತೂತು ಕೊರೆದರೆ ಯಾವುದಕ್ಕೆ ಯಾವುದನ್ನಾದರೂ ಜೋಡಿಸಬಹುದು. ಅಂಟು ಬೇಡ. ಥರ್ಮಾಕೋಲ್ ಬೇಡವೇ ಬೇಡ: ಒಂದು ಸಲ ಕೊರೆದು ಬಣ್ಣ ಬಳಿದರೆ ಅದು ಯಾವ ಕೆಲಸಕ್ಕೂ ಬರಲ್ಲ, ಸುಟ್ಟರೆ ವಿಷದ ಹೊಗೆ. ಕಂಬಕ್ಕೆ ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತೋ ರಟ್ಟಿನ ಕೊಳವೆ ಸಾಕು, ಮೇಲೆ ಗೋಣಿತಾಟು ಸುತ್ತಿ.

ನಿರ್ದೇಶಕರಿಗೆ ಇದು ರುಚಿಸಲಿಲ್ಲ. “ನಿಮ್ಮ ಗೋಡೌನ್ ನೋಡಿಕೊಂಡು ನಾನು ನಾಟಕ ಕಲ್ಪಿಸಿಕೊಳ್ಳಬೇಕಾ?” ಅಂತ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಕೊನೆಗೆ ಆದ ರಾಜಿ: ಸ್ಕೆಚ್ ಹಾಕೋ ಮೊದಲು ನಮ್ಮಲ್ಲಿ ಏನಿದೆ ಅನ್ನೋ ಪಟ್ಟಿಯನ್ನು ಅವರು ನೋಡೋದು; ಇಲ್ಲದ್ದನ್ನು ಮಾತ್ರ ಹೊಸದಾಗಿ ಮಾಡೋದು.

ಅದಕ್ಕಿಂತ ದೊಡ್ಡ ತಲೆನೋವು ಜಾಗದ್ದು. ಮೊದಲ ವರ್ಷ ಎಲ್ಲ ನಮ್ಮ ಮನೆ ಮೆಟ್ಟಿಲ ಕೆಳಗೆ. “ಇದು ಮನೇನೋ, ನಾಟಕದ ಕಂಪನಿನೋ?” ಅಂತ ಅಮ್ಮನ ಗೊಣಗಾಟ. ಮಳೆಗಾಲಕ್ಕೆ ಆರು ಗೋಡೆಗಳು ಉಬ್ಬಿದವು, ಎರಡಕ್ಕೆ ಗೆದ್ದಲು. ಈಗ ಮೂರು ತಂಡ ಸೇರಿ ಒಂದು ಶೆಡ್ ಬಾಡಿಗೆಗೆ ಹಿಡಿದಿದ್ದೇವೆ. ನೆಲಕ್ಕೆ ತಾಗದಂತೆ ಇಟ್ಟಿಗೆ ಮೇಲೆ ಜೋಡಿಸಿದ್ದೇವೆ. ಪ್ರತಿ ವಸ್ತುವಿನ ಫೋಟೋ, ಅಳತೆ ವಾಟ್ಸಾಪ್ ಗ್ರೂಪಿನಲ್ಲಿದೆ. ಯಾರಿಗೆ ಬೇಕೋ ಅವರು ಒಯ್ಯುತ್ತಾರೆ.

ನನ್ನನ್ನು ನಿಜಕ್ಕೂ ಕಾಡಿದ ಪ್ರಶ್ನೆ ಬೇರೆ. ಹೊಸ ಸೆಟ್ ಕಡಿಮೆಯಾದರೆ ಮೇಸ್ತ್ರಿಯ ಕೂಲಿಯೂ ಕಡಿಮೆ. ನಾವು ಪರಿಸರ ಅಂತ ಎದೆಯುಬ್ಬಿಸಿಕೊಂಡು ಅವರ ಊಟಕ್ಕೆ ಕೈಹಾಕಿದಂತೆ ಆಗಲಿಲ್ಲವೇ? ಹಿಂಜರಿಯುತ್ತಲೇ ಕೇಳಿದೆ. ಅವರು ಬೀಡಿ ಆರಿಸಿ, “ಕಟ್ಟೋಕೆ ಕೂಲಿ ಕೊಡ್ತೀರಲ್ಲ, ಬಿಚ್ಚೋಕೂ ಕೊಡಿ. ಒಡೆಯೋಕೆ ಯಾರಾದ್ರೂ ಆಗ್ತಾರೆ. ಬಿಚ್ಚೋಕೆ ಕೆಲಸ ಗೊತ್ತಿರಬೇಕು” ಅಂದರು.

ಅಲ್ಲಿಯವರೆಗೆ ಬಿಚ್ಚೋದೂ ಒಂದು ಕೆಲಸ ಅಂತ ನಮ್ಮ ಬಜೆಟ್ಟಿನಲ್ಲಿ ಒಂದು ಸಾಲೂ ಇರಲಿಲ್ಲ. ಈಗ ಪ್ಲೈವುಡ್ಡಿಗೆ ಉಳಿದ ದುಡ್ಡಿನಲ್ಲಿ ಅವರಿಗೆ ಬಿಚ್ಚುವ ರಾತ್ರಿಯ ಕೂಲಿ, ಆಮೇಲೆ ರಿಪೇರಿಗೆ ಎರಡು ದಿನದ ಕೂಲಿ. ಒಟ್ಟು ಖರ್ಚು ಭಾರಿ ಏನೂ ಇಳಿದಿಲ್ಲ, ಸುಳ್ಳು ಹೇಳಲ್ಲ. ದುಡ್ಡು ಹೋಗೋ ದಾರಿ ಬದಲಾಗಿದೆ. ಟೆಂಪೋ ಮಾತ್ರ ಈಗ ತಿಪ್ಪೆಗಲ್ಲ, ಶೆಡ್ಡಿಗೆ ಹೋಗುತ್ತೆ.

ನಿಮ್ಮ ಆಫೀಸಿನ ವಾರ್ಷಿಕೋತ್ಸವಕ್ಕೆ, ಗಣೇಶೋತ್ಸವಕ್ಕೆ ವೇದಿಕೆ ಕಟ್ಟಿಸುತ್ತಿದ್ದರೆ ಕಂಟ್ರಾಕ್ಟರಿಗೆ ಒಂದೇ ಪ್ರಶ್ನೆ ಕೇಳಿ: “ಇದನ್ನ ಬಿಚ್ಚೋದು ಹೇಗೆ?” ಉತ್ತರ ಬರದಿದ್ದರೆ ಅದು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಯಿತಲ್ಲ.

ಅಂದಹಾಗೆ, ಆ ಬಾಗಿಲು ವಠಾರದ ಮನೆಯದಾಗಿತ್ತು, ಆಮೇಲೆ ಜೈಲಿನದಾಯಿತು, ಹೋದ ವರ್ಷ ಆಸ್ಪತ್ರೆಯದು. ಅದರ ಹಿಂಬದಿಯಲ್ಲಿ ಮೇಸ್ತ್ರಿ ಪ್ರತಿ ನಾಟಕದ ಹೆಸರನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ. ಮುಂದಿನ ತಿಂಗಳು ನಾಲ್ಕನೇ ಹೆಸರು.