ಹಾಡಿಯ ಮುದುಕನ ಮಾತು ದಾಖಲೆ ಅಲ್ಲವೆ?

ಕುಮಾರಸ್ವಾಮಿ ಲೇಔಟಿನಲ್ಲಿ 30–40ರ ಸೈಟಿಗೂ ನಂಬರಿದೆ, ಖಾತೆಯಿದೆ, ಕಂದಾಯದ ರಸೀದಿಯಿದೆ. ಹಳ್ಳಿಯವರ ಹೊಲವಾಗಿದ್ದ ನೆಲಕ್ಕೆ ಸರ್ಕಾರ ನಕ್ಷೆ ಎಳೆದು ಕಾಗದ ಕೊಟ್ಟಿತು. ಕೊಡಲಿ, ಬೇಡ ಅನ್ನೋರು ನಾವಲ್ಲ. ಆದರೆ ನಿನ್ನೆ ಮೊನ್ನೆಯ ಲೇಔಟಿಗೆ ಸಿಕ್ಕ ಕಾಗದ ನಾಗರಹೊಳೆಯ ಜೇನುಕುರುಬರ ಹಾಡಿಗೆ ಯಾಕೆ ಸಿಗೋದಿಲ್ಲ?

ಕಾನೂನಿಲ್ಲ ಅನ್ನಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆಯ ಪೀಠಿಕೆಯೇ ಕಾಡಿನ ಜನಕ್ಕೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಒಪ್ಪಿಕೊಂಡಿದೆ. ಅದರ 13ನೇ ನಿಯಮ ಓದಿ: ಹಿರಿಯರ ಹೇಳಿಕೆ, ಹೂಳುವ ಜಾಗ, ಬಾವಿ, ದೇವರ ತಾಣ ಎಲ್ಲವೂ ಪುರಾವೆ. ಕಚೇರಿ ಮೇಜಿನ ಮುಂದೆ ನಿಂತರೆ ಮಾತ್ರ ಒಂದೇ ಪ್ರಶ್ನೆ, "ಎಲ್ರೀ ದಾಖಲೆ?" ದಾಖಲೆ ಯಾರ ಕೈಲಿತ್ತು ಸ್ವಾಮಿ? ಜನರನ್ನು ಎಬ್ಬಿಸಿದವರ ಕೈಲೇ ಅಲ್ಲವೆ?

2025ರ ಮೇ ತಿಂಗಳಲ್ಲಿ 50ಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ತಮ್ಮ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಮರಳಿ ಹೋಗಿ ಗುಡಿಸಲು ಹಾಕಿದವು. ಅದು ಅಕ್ರಮವಂತೆ! ಇದೇ ನಾಗರಹೊಳೆಯಲ್ಲಿ ತಾಜ್ ಹೋಟೆಲಿನವರ ರೆಸಾರ್ಟಿಗೆ ಸರ್ಕಾರವೇ ಗುತ್ತಿಗೆ ಕೊಟ್ಟಿತ್ತು. ಆದಿವಾಸಿಗಳು ಬೀದಿಗಿಳಿದು, 1997ರಲ್ಲಿ ಹೈಕೋರ್ಟು ತಡೆಯಬೇಕಾಯಿತು. ಸಾಹುಕಾರರ ಮೆತ್ತೆ ಹಾಸಿಗೆಗೆ ಬೆದರದ ಹುಲಿ ಹುಲ್ಲಿನ ಗುಡಿಸಲಿಗೆ ಬೆದರುತ್ತದೆ, ನೋಡಿ. ಹಕ್ಕು ಕೊಟ್ಟರೆ ಹುಲಿ ಸತ್ತೇ ಹೋಗುತ್ತೆ ಅನ್ನೋರು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಬರಲಿ. ಅಲ್ಲಿ 2011ರಲ್ಲೇ 25 ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿಯೂ ಇದೆ, ಸೋಲಿಗರೂ ಇದ್ದಾರೆ.

ಇದು ಆದಿವಾಸಿಗಳ ಪಾಡು, ನಮಗೇನು ಅನ್ನುವ ಗೆಳೆಯರು ನಮ್ಮ ಹಾಸ್ಟೆಲುಗಳಲ್ಲೂ ಇದ್ದಾರೆ. ಅವರು ಇದೇ ಕಾಯ್ದೆಯ ಇನ್ನೊಂದು ಕಲಮು ನೋಡಲಿ. ಪರಿಶಿಷ್ಟ ಪಂಗಡಕ್ಕೆ ಸೇರದವರು, ಅಂದರೆ ಕಾಡಂಚಿನ ನಮ್ಮ ದಲಿತರೂ, 2005ರ ಡಿಸೆಂಬರಿಗೆ ಹಿಂದಿನ ಮೂರು ತಲೆಮಾರು, 75 ವರ್ಷ, ಅಲ್ಲೇ ಬಾಳಿದ್ದಕ್ಕೆ ಸಾಕ್ಷಿ ಕೊಡಬೇಕು. ಅಂದರೆ 1930! ಕೆರೆಯ ನೀರು ಮುಟ್ಟಗೊಡದ ಕಾಲದಲ್ಲಿ ನಮ್ಮಜ್ಜನ ಹೆಸರನ್ನು ಲೆಕ್ಕದ ಪುಸ್ತಕಕ್ಕೆ ಬರೆದುಕೊಂಡ ಶಾನುಭೋಗ ಯಾವನು?

ರಜೆಗೆ ಊರಿಗೆ ಹೋಗುವ ಗೆಳೆಯರೆ, ಒಂದು ನೋಟ್‌ಬುಕ್ ಒಯ್ಯಿರಿ. ಅರ್ಜಿದಾರರಲ್ಲದ ಹಿರಿಯರನ್ನು ಕೂರಿಸಿಕೊಂಡು, ಯಾವ ಮರದ ಬುಡದಲ್ಲಿ ಯಾರನ್ನು ಹೂತರು, ಯಾವ ಬಾವಿ ಯಾರು ತೋಡಿದರು, ಎಲ್ಲ ಬರೆದು ಹೆಬ್ಬೆಟ್ಟು ಒತ್ತಿಸಿ. ಅರಣ್ಯ ಹಕ್ಕು ಸಮಿತಿಗೆ ಕೊಟ್ಟು ಸ್ವೀಕೃತಿ ಕೇಳಿ ಪಡೆಯಿರಿ. ಗ್ರಾಮಸಭೆ ಅರ್ಜಿ ತಳ್ಳಿಹಾಕಿದರೆ ಸುಮ್ಮನೆ ಎದ್ದು ಬರಬೇಡಿ. 60 ದಿನದೊಳಗೆ ಉಪವಿಭಾಗದ ಸಮಿತಿಗೆ ಮೇಲರ್ಜಿ ಹಾಕಿಸಿ.