ಡೊಪ್ಪೆಲ್‌ಬಾಕ್‌ಗೆ ಹದಿನೈದು ನಿಮಿಷ ಕೊಡಿ

ಬಿಯರ್ ಅಂದ್ರೆ ಚಿಲ್ಡ್ ಆಗಿರ್ಲೇಬೇಕು ಅನ್ನೋರ ಜೊತೆ ನನಗೊಂದು ಜಗಳ ಇದೆ. ಮ್ಯೂನಿಕ್‌ನ ಸಾಲ್ವಾಟೋರ್ ತಗೊಳ್ಳಿ. ಡೊಪ್ಪೆಲ್‌ಬಾಕ್ ಜಾತಿಯ ಲಾಗರ್, ಆಲ್ಕೋಹಾಲ್ ಶೇ. 7.9. ಅಲ್ಲಿನ ಕ್ರೈಸ್ತ ಸನ್ಯಾಸಿಗಳು ಉಪವಾಸದ ದಿನಗಳಿಗೆ ಮಾಡ್ತಿದ್ದ ಬಿಯರ್‌ನ ವಂಶ ಇದು. (ನಮ್ಮ ಏಕಾದಶಿ ಉಪ್ಪಿಟ್ಟನ್ನ ಇನ್ನು ಯಾರೂ ಆಡಿಕೊಳ್ಳಬೇಡಿ!)

ಫ್ರಿಜ್ಜಿಂದ ತೆಗೆದ ಕೂಡಲೇ ಕುಡಿದ್ರೆ ಬರೀ ತಂಪು, ಗ್ಯಾಸು. ಹದಿನೈದು ನಿಮಿಷ ಬಿಟ್ಟು ನೋಡಿ: ಬ್ರೆಡ್ಡಿನ ಕಂದು ಅಂಚು, ಕ್ಯಾರಮೆಲ್, ಒಣದ್ರಾಕ್ಷಿ ಒಂದೊಂದಾಗಿ ಮೇಲೇಳುತ್ತವೆ. ನಾಲಿಗೆಯಲ್ಲಿ ಸಿಹಿಯ ಸಂಕೇತ ದಾಟಿಸುವ ಟಿಆರ್‌ಪಿಎಂ5 ಎಂಬ ಪ್ರೋಟೀನ್ ತಣ್ಣಗಿದ್ದಾಗ ಮಂಕಾಗುತ್ತದೆ; ಪರಿಮಳದ ಅಣುಗಳೂ ಸರಿಯಾಗಿ ಗಾಳಿಗೆ ಏಳುವುದಿಲ್ಲ. ಸನ್ಯಾಸಿಗಳ ಬಳಿ ಫ್ರಿಜ್ ಇರಲಿಲ್ಲ, ನೆಲಮಾಳಿಗೆ ಇತ್ತು. ಅಷ್ಟು ತಂಪು ಸಾಕು.

ಒಂದೇ ತಕರಾರು: ಈ ಸಿಹಿ ಆಲ್ಕೋಹಾಲನ್ನ ಮುಚ್ಚಿಡುತ್ತೆ. ಅದಕ್ಕೇ ನಮ್ಮನೇಲಿ ಒಂದು ಬಾಟಲಿ, ಇಬ್ಬರಿಗೆ.